ಕೆಂಪು ದಾರಕ್ಕೆ ನಾಲ್ಕು ಗಂಟು

ಅವಳಿಗೂ ಒಂದು ಹೆಸರಿತ್ತು, ಇಲ್ಲ ಅಂತಲ್ಲ. ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು, ಅಲ್ಲೂ ಒಂದಕ್ಷರ ತಪ್ಪಾಗಿ. ಉಳಿದಂತೆ ಇಪ್ಪತ್ತಮೂರು ವರ್ಷ ಆ ಸೈಕಲ್ ಫ್ಯಾಕ್ಟರಿಯ ಮುನ್ನೂರು ಜನ ಅವಳನ್ನು ಕರೆದದ್ದು ಬ್ರೇಕಕ್ಕ ಅಂತಲೇ. ಗೇಟಿನ ವಾಚ್‌ಮನ್‌ಗೂ ಬ್ರೇಕಕ್ಕ, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಫೋರ್‌ಮನ್‌ಗೂ ಬ್ರೇಕಕ್ಕ. ಅವಳೇನೂ ಬೇಜಾರು ಮಾಡಿಕೊಂಡವಳಲ್ಲ. ಮಕ್ಕಳ ಸೈಕಲ್ ಮಾಡುವ ಕಡೆ ಬ್ರೇಕಿಗಿಂತ ದೊಡ್ಡದು ಇನ್ನೇನಿದೆ ಹೇಳಿ. ಬಣ್ಣ ಕಿತ್ತರೆ ಮಗು ಮುಖ ಊದಿಸಿಕೊಳ್ಳುತ್ತದೆ, ಬೆಲ್ ಸದ್ದು ಮಾಡದಿದ್ದರೆ ಒಂದು ಹೊತ್ತು ಅಳುತ್ತದೆ, ಅಲ್ಲಿಗೆ ಮುಗಿಯಿತು. ಬ್ರೇಕ್ ಹಿಡಿಯದಿದ್ದರೆ ಅಳುವವರು ಬೇರೆ. ಅದಕ್ಕೇ ಅವಳ ಜಾಗ ಎಲ್ಲ ಸೆಕ್ಷನ್‌ಗಳೂ ಮುಗಿದ ಮೇಲೆ, ಪ್ಯಾಕಿಂಗಿಗೆ ಹೋಗುವ ಬಾಗಿಲ ಪಕ್ಕದಲ್ಲಿತ್ತು.

ನೋಡುವವರಿಗೆ ಆ ಕೆಲಸದಲ್ಲಿ ಏನೂ ಇಲ್ಲ. ಸೈಕಲ್ ಬರುತ್ತದೆ. ಎಡಗೈಯಲ್ಲಿ ಸೀಟು ಹಿಡಿದು ಹಿಂದಿನ ಚಕ್ರ ಎತ್ತಿ, ಕಾಲಿನಿಂದ ಪೆಡಲ್ ತುಳಿದು ತಿರುಗಿಸಿ, ಬಲಗೈಯಲ್ಲಿ ಬ್ರೇಕ್ ಒತ್ತಬೇಕು. ಒಂದು ಸಲವಲ್ಲ, ಹತ್ತು ಸಲ. ಕೆಟ್ಟ ಕೇಬಲ್ ಮೊದಲ ಐದಾರು ಸಲ ಬಹಳ ಸಭ್ಯಸ್ಥನ ಹಾಗೆ ಹೇಳಿದ ಮಾತು ಕೇಳುತ್ತದೆ, ಎಂಟಕ್ಕೋ ಒಂಬತ್ತಕ್ಕೋ ಸಡಿಲವಾಗಿ ಹತ್ತಕ್ಕೆ ಕೈ ಕೊಡುತ್ತದೆ. ಇದನ್ನು ಅವಳಿಗೆ ಕಲಿಸಿದ್ದು ಅವಳಿಗಿಂತ ಮುಂಚೆ ಅಲ್ಲಿ ನಿಲ್ಲುತ್ತಿದ್ದ ಕನ್ನಡಕದ ಮುದುಕ. ಇನ್ನೊಂದು ಕಟ್ಟಳೆಯೂ ಅವನದೇ. ತಪ್ಪು ಸಿಕ್ಕಿದ ತಕ್ಷಣ ಗಟ್ಟಿಯಾಗಿ ಕೂಗಿ ಹೇಳಬೇಕು. ಕೈಯೆಲ್ಲ ಗ್ರೀಸ್, ತಾನೇ ಬರೆಯುವ ಹಾಗಿಲ್ಲ. ಬರೆಯುವವಳು ಆಚೆ ಮೂಲೆಯಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂತಿರುತ್ತಾಳೆ. ಮಧ್ಯೆ ಕಿವಿ ಹರಿಯುವ ಮಷಿನ್ ಸದ್ದು. ಹಾಗಾಗಿ 'ಹಿಂದಿನ ಬ್ರೇಕ್' ಅಂತ ಗಂಟಲು ಹರಿಯುವಂತೆ ಕೂಗಿ, ಹ್ಯಾಂಡಲಿಗೆ ಕೆಂಪು ದಾರ ಒಂದು ಗಂಟು ಕಟ್ಟಿ, ಸೈಕಲನ್ನು ಫಿಟ್ಟಿಂಗಿಗೆ ವಾಪಸ್ ಕಳಿಸುವುದು. ಎಲ್ಲ ಸರಿಯಿದ್ದರೆ ಬಾಯಿ ಮುಚ್ಚಿಕೊಂಡು ಮುಂದಕ್ಕೆ ತಳ್ಳುವುದು. ಚೆನ್ನಾಗಿದೆ ಅನ್ನುವ ಮಾತಿಗೆ ಆ ಕೋಣೆಯಲ್ಲಿ ಜಾಗವೇ ಇರಲಿಲ್ಲ. ನೀನು ಕೂಗದೆ ಬಿಟ್ಟದ್ದು ಬೀದಿಗೆ ಹೋದರೆ ಅದು ಫಿಟ್ಟರನ ತಪ್ಪಲ್ಲ, ನಿನ್ನ ತಪ್ಪು ಅಂತ ಮುದುಕ ಮೊದಲ ದಿನವೇ ಹೇಳಿಬಿಟ್ಟಿದ್ದ.

ಈ ಕಟ್ಟಳೆ ಅವಳ ಮೈಗೆ ಎಷ್ಟು ಹತ್ತಿತ್ತೆಂದರೆ ಫ್ಯಾಕ್ಟರಿಯ ಗೇಟು ದಾಟಿದರೂ ಬಿಡುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡದೆ ಕೂರುವವಳಲ್ಲ. ಹೇಗಿದ್ದೀರಿ ಅನ್ನುವುದಕ್ಕೆ ಮುಂಚೆ ನಿಮ್ಮ ಬಾಗಿಲ ಚಿಲಕ ಸಡಿಲವಾಗಿದೆ ಅನ್ನುವಳು. ದಂತವೈದ್ಯನ ಹತ್ತಿರ ಹಲ್ಲು ಕೀಳಿಸಿಕೊಳ್ಳಲು ಹೋದವಳು ಅವನ ಕುರ್ಚಿಯ ಹಿಡಿಯಲ್ಲಿ ಒಂದು ಸ್ಕ್ರೂ ಇಲ್ಲ ಅಂತ ಬಾಯಿ ತೆರೆದುಕೊಂಡೇ ಹೇಳಿದಳಂತೆ. ನೆಂಟರು ಮೂಗು ಮುರಿಯುತ್ತಿದ್ದರು. ಆದರೆ ಹೊಸ ಮನೆಗೆ ಹೋಗುವಾಗ, ಹಳೆಯ ಗಾಡಿ ಕೊಳ್ಳುವಾಗ, ಒಮ್ಮೆ ಬಂದು ನೋಡಿ ಅಂತ ಅವಳನ್ನೇ ಕರೆಯುತ್ತಿದ್ದರು.

ಅವಳ ಸಂಸಾರ ಅಂದರೆ ಅವಳ ತಮ್ಮ. ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ಅವನಿಗೆ ಆರು. ಅಪ್ಪ ಅದಕ್ಕೂ ಮುಂಚೆಯೇ ಇಲ್ಲ. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ತಮ್ಮನನ್ನು ಎಲ್ಲಿ ಬಿಡುತ್ತೀಯ ಅನ್ನುವಲ್ಲಿಗೆ ನಿಂತುಹೋಯಿತು. ಮೂರನೆಯ ಸಲ ಯಾರೂ ಕೇಳಲಿಲ್ಲ, ಅವಳೂ ತಲೆ ಕೆಡಿಸಿಕೊಳ್ಳಲಿಲ್ಲ. ಸ್ನಾನ ಮಾಡಿಸಿದಳು, ಮಗ್ಗಿ ಹೇಳಿಕೊಟ್ಟಳು, ತಿಂದ ಬಿಸ್ಕತ್ತಿನ ಕಾಗದ ನೆಲಕ್ಕೆ ಬಿಸಾಡಿದರೆ ಕಿವಿ ಹಿಂಡಿ ಜೇಬಿಗೆ ಹಾಕಿಸಿದಳು. ಅವನಿಗೆ ಇಪ್ಪತ್ತು ತುಂಬಿದ ಮೇಲೆ ಫೋರ್‌ಮನ್ ಹಿಂದೆ ಮುಂದೆ ತಿರುಗಿ ತನ್ನ ಫ್ಯಾಕ್ಟರಿಯಲ್ಲೇ ಪ್ಯಾಕಿಂಗಿಗೆ ಸೇರಿಸಿದಳು. ತನ್ನ ಬಾಗಿಲಿನಿಂದ ಹೊರಟ ಸೈಕಲ್ ತಮ್ಮನ ಕೈ ಸೇರುತ್ತದೆ ಅನ್ನುವುದು ಅವಳಿಗೆ ಒಳಗೊಳಗೇ ಹೆಮ್ಮೆಯ ಸಂಗತಿ. ಅವನಿಗೆ ಮದುವೆಯಾಯಿತು, ಒಬ್ಬಳು ಮಗಳಾದಳು, ಹೋದ ವರ್ಷ ಪ್ಯಾಕಿಂಗ್ ಸೆಕ್ಷನ್ನಿಗೆ ಅವನೇ ಮುಖ್ಯಸ್ಥನಾದ. ಎಲ್ಲರೂ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಅವಳೂ ತಮ್ಮನ ಮಗಳೂ ಮಲಗುತ್ತಿದ್ದರು.

ಅದೇ ಹೋದ ವರ್ಷ ಹೊಸ ಮ್ಯಾನೇಜರ್ ಬಂದ. ಬಂದವನೇ ಎಲ್ಲದಕ್ಕೂ ಅಗ್ಗದ್ದು ಹುಡುಕಿದ. ಸೀಟಿಗೆ ಅಗ್ಗದ ಫೋಮ್ ಬಂತು, ಬಣ್ಣ ತೆಳ್ಳಗಾಯಿತು, ಕೊನೆಗೆ ಬ್ರೇಕ್ ಕೇಬಲ್ಲಿಗೂ ಕೈ ಹಾಕಿದ. ಬ್ರೇಕಕ್ಕನ ಗಂಟಲಿಗೆ ಬಿಡುವೇ ಇಲ್ಲದ ಹಾಗಾಯಿತು. ಹತ್ತರಲ್ಲಿ ಮೂರು, ನಾಲ್ಕು ಸೈಕಲ್ಲಿಗೆ ದಾರ ಕಟ್ಟುವಳು. ವಾಪಸ್ ಹೋದವು ಫಿಟ್ಟಿಂಗಿನಿಂದ ಮತ್ತೆ ತನ್ನ ಮುಂದೆ ಬರಬೇಕಲ್ಲ, ಬರುತ್ತಿರಲಿಲ್ಲ. ಎಲ್ಲಿ ಹೋದವು ಅಂತ ಕೇಳಿದರೆ ರಿಪೇರಿಯಾಗಿ ಬೇರೆ ಲೈನಿನಲ್ಲಿ ಹೋಗುತ್ತವೆ ಅಂತ ಫೋರ್‌ಮನ್ ಬೇರೆ ಕಡೆ ನೋಡಿಕೊಂಡು ಹೇಳಿದ. ಅವಳು ನಂಬಿದಳು, ಅಥವಾ ನಂಬಿದ ಹಾಗೆ ಇದ್ದಳು ಅನ್ನಿ.

ಒಂದು ರಜೆಯ ಬೆಳಿಗ್ಗೆ ಬಟ್ಟೆ ಒಗೆಯಲು ಕೂತಾಗ ತಮ್ಮನ ನೀಲಿ ಅಂಗಿಯ ಜೇಬಿಗೆ ಕೈ ಹಾಕಿದಳು. ಒಗೆಯುವ ಮುಂಚೆ ಜೇಬು ನೋಡುವುದು ಅವಳ ಅಭ್ಯಾಸ. ಕೈಗೆ ಬಂದದ್ದು ಒಂದು ಹಿಡಿ ಕೆಂಪು ದಾರದ ತುಂಡುಗಳು, ಎಲ್ಲದರಲ್ಲೂ ಅವಳೇ ಹಾಕಿದ ಗಂಟು. ವಾಪಸ್ ಕಳಿಸಿದವು ರಿಪೇರಿಯಾಗದೆ ನೇರ ಪ್ಯಾಕಿಂಗಿಗೇ ಹೋಗುತ್ತಿದ್ದವು, ದಾರ ಕತ್ತರಿಸುತ್ತಿದ್ದವನು ತಮ್ಮ. ಬೇರೆ ಯಾರಾದರೂ ಆಗಿದ್ದರೆ ಕತ್ತರಿಸಿದ ದಾರ ಅಲ್ಲೇ ನೆಲಕ್ಕೆ ಬಿಸಾಡುತ್ತಿದ್ದರು, ಗುಡಿಸುವವರು ಗುಡಿಸಿ ಎಸೆಯುತ್ತಿದ್ದರು, ಅವಳಿಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಕಸ ನೆಲಕ್ಕೆ ಹಾಕಬಾರದು ಅಂತ ಕಲಿಸಿದವಳು ತಾನೇ, ಕಲಿತವನು ಅವನೇ. ಅಂಗಿಯನ್ನು ಸೋಪಿನ ನೀರಿಗೆ ಹಾಕಿದಳು. ಒಳಗೆ ತಮ್ಮ ಮಗಳಿಗೆ ಜಡೆ ಹಾಕುತ್ತ ಏನೋ ತಮಾಷೆ ಮಾಡುತ್ತಿದ್ದ, ಹುಡುಗಿ ನಗುತ್ತಿತ್ತು.

ಕೇಳಬೇಕಿತ್ತು. ಆವತ್ತೇ ಎದ್ದು ಒಳಗೆ ಹೋಗಿ, ಏನೋ ಇದು ಅಂತ ಕೇಳಬೇಕಿತ್ತು. ಊರವರ ಚಿಲಕದ ಸ್ಕ್ರೂ ಬಿಡದವಳು ಇದನ್ನು ಹೇಗೆ ಬಿಟ್ಟಳು ಅಂತ ನೀವು ಕೇಳಬಹುದು. ಅವನಿಗೆ ಆಗ ತಾನೇ ಬಡ್ತಿ ಬಂದಿತ್ತು. ಮ್ಯಾನೇಜರ್ ಹೇಳಿದ್ದನ್ನು ಮಾಡದೆ ಹೋದರೆ ಗೇಟು ತೋರಿಸುತ್ತಾನೆ ಅನ್ನುವುದೂ ಗೊತ್ತಿತ್ತು. ನಾಳೆ ಕೇಳಿದರಾಯಿತು ಅಂದುಕೊಂಡಳು, ನಾಳೆ ಬಂದಾಗ ತಮ್ಮ ಹಬೆಯಾಡುವ ಟೀ ಲೋಟ ತಂದು ಅವಳ ಮುಂದಿಟ್ಟು, ಬೇಗ ಕುಡಿ ಅಕ್ಕಾ, ಬಸ್ಸು ಹೋಗುತ್ತೆ ಅಂದ. ಅವಳು ಕುಡಿದಳು, ಬಸ್ಸು ಹಿಡಿದಳು. ಅವತ್ತಿನಿಂದ ಮಾಡಿದ್ದು ಒಂದೇ: ದಾರಕ್ಕೆ ಒಂದು ಗಂಟಿನ ಬದಲು ನಾಲ್ಕು ಗಂಟು ಹಾಕತೊಡಗಿದಳು, ಉಗುರಿನಿಂದ ಎಳೆದು ಬಿಗಿದು. ಕತ್ತರಿ ಇರುವವನಿಗೆ ಒಂದಾದರೇನು ನಾಲ್ಕಾದರೇನು. ಹುಚ್ಚು ಕೆಲಸ ಅದು, ಅವಳಿಗೂ ಗೊತ್ತಿತ್ತು. ಎಂಟು ತಿಂಗಳು ಹೀಗೇ ನಡೆಯಿತು. ಅವಳು ಬಿಗಿಯುವುದು, ಅವನು ಕತ್ತರಿಸುವುದು, ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದು ಎದುರುಬದುರು ಕೂತು ಉಣ್ಣುವುದು.

ಅಗ್ಗದ್ದು ಹುಡುಕಿದರೂ ಫ್ಯಾಕ್ಟರಿ ಉಳಿಯಲಿಲ್ಲ. ಒಂದು ಸೋಮವಾರ ಹೋಗಿ ನೋಡಿದರೆ ಗೇಟಿಗೆ ಸರಪಳಿ, ಸರಪಳಿಯ ಮೇಲೆ ಕಾಗದ. ಮುಂದೆ ನಿಂತವರು ಓದಿ ಹಿಂದಿನವರಿಗೆ ಹೇಳಿದರು, ಹಿಂದಿನವರು ನಂಬದೆ ತಾವೇ ಓದಲು ಮುಂದಕ್ಕೆ ನುಗ್ಗಿದರು. ಇವತ್ತಿನಿಂದ ಕೆಲಸ ನಿಂತಿದೆ, ಎಲ್ಲರನ್ನೂ ಕೈಬಿಡಲಾಗಿದೆ, ಅಷ್ಟೇ ಅದರ ಸಾರ. ಮ್ಯಾನೇಜರ್ ಹಿಂದಿನ ವಾರವೇ ಸಾಮಾನು ಕಟ್ಟಿದ್ದ. ಬುತ್ತಿ ಡಬ್ಬಿ ಹಿಡಿದುಕೊಂಡು ಜನ ಮಧ್ಯಾಹ್ನದವರೆಗೆ ಅಲ್ಲೇ ನಿಂತಿದ್ದರು, ಊಟದ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ಸಾಲಾಗಿ ಕೂತು ಉಂಡರು. ಮನೆಗೆ ಹೋಗಿ ಉಣ್ಣಬಹುದಿತ್ತು, ಯಾರಿಗೂ ಹೊಳೆಯಲಿಲ್ಲ.

ಹತ್ತು ದಿನ ಕಳೆಯುವಷ್ಟರಲ್ಲಿ ಒಂದು ಆಸೆ ಹುಟ್ಟಿತು. ದೂರದ ಊರಿನ ಒಬ್ಬ ದೊಡ್ಡ ವ್ಯಾಪಾರಿ ಕಾರಿನಲ್ಲಿ ಬಂದು ಶೆಡ್ಡುಗಳನ್ನೆಲ್ಲ ಸುತ್ತಿ ಹೋದ. ಫ್ಯಾಕ್ಟರಿಯನ್ನು ತಾನು ತೆಗೆದುಕೊಳ್ಳುತ್ತೇನೆ, ನೂರು ಜನರನ್ನು ಉಳಿಸಿಕೊಳ್ಳುತ್ತೇನೆ, ತನಗೆ ಬೇಕಿರುವುದು ಮಷಿನ್ನುಗಳಲ್ಲ, ಈ ಸೈಕಲ್ಲಿಗಿರುವ ಒಳ್ಳೆಯ ಹೆಸರು ಅಂದನಂತೆ. ಮುಂದಿನ ವಾರ ಬಂದು ಸಹಿ ಹಾಕುವುದಾಗಿತ್ತು. ಫೋರ್‌ಮನ್ ನೂರು ಜನರ ಪಟ್ಟಿ ಮಾಡಿದ, ಅದರಲ್ಲಿ ತಮ್ಮನ ಹೆಸರಿತ್ತು. ಅವಳ ಹೆಸರಿರಲಿಲ್ಲ, ವಯಸ್ಸಾಯಿತಂತೆ. ಅವಳು ಕಣ್ಣು ಮುಚ್ಚಿ ಸಮಾಧಾನದ ಉಸಿರು ಬಿಟ್ಟಳು. ಅವನೊಬ್ಬ ಉಳಿದರೆ ಸಾಕು, ಹೊಸ ಯಜಮಾನನ ಕೈಕೆಳಗೆ ಮೊದಲಿನ ಹಾಗೆ ಮರ್ಯಾದೆಯಿಂದ ಕೆಲಸ ಮಾಡುತ್ತಾನೆ, ಆ ದಾರದ ವಿಷಯ ಮಣ್ಣುಪಾಲಾಗುತ್ತದೆ ಅಂತ ಲೆಕ್ಕ ಹಾಕಿದಳು.

ಅಷ್ಟರಲ್ಲಿ ಊರಿನ ಟೀವಿಯವರು ಗೇಟಿನ ಮುಂದೆ ನೇರಪ್ರಸಾರ ಮಾಡುತ್ತೇವೆ, ಯಾರಾದರೂ ಒಬ್ಬರು ಮಾತಾಡಬೇಕು ಅಂತ ಹೇಳಿಕಳಿಸಿದರು. ಫೋರ್‌ಮನ್ ಅವಳನ್ನೇ ಆರಿಸಿದ. ಬ್ರೇಕಕ್ಕ ಹೊಗಳುವವಳಲ್ಲ ಅಂತ ಊರಿಗೆಲ್ಲ ಗೊತ್ತು, ಅವಳೇ ಒಂದು ಒಳ್ಳೆಯ ಮಾತು ಹೇಳಿದರೆ ವ್ಯಾಪಾರಿಗೆ ನಂಬಿಕೆ ಬರುತ್ತದೆ ಅನ್ನುವುದು ಅವನ ಬುದ್ಧಿವಂತಿಕೆ. ಮೂರು ವಾಕ್ಯ ಬರೆದುಕೊಟ್ಟ. ನಮ್ಮ ಸೈಕಲ್ ಮೂವತ್ತು ವರ್ಷದಿಂದ ಎಲ್ಲರ ಮನೆಯಲ್ಲಿದೆ. ನಮ್ಮ ಕೆಲಸದವರ ಕೈ ಅಪ್ಪಟ ಚಿನ್ನ. ನಮಗೆ ಕೆಲಸ ಬೇಕು. ಅಷ್ಟು ಹೇಳಿ ಸುಮ್ಮನಿದ್ದುಬಿಡು, ನಿನ್ನ ತಮ್ಮನ ಮುಖ ನೆನಪಿಟ್ಟುಕೋ ಅಂತ ಎಚ್ಚರಿಸಿದ. ಮನೆಯಲ್ಲಿ ಅವಳು ಕನ್ನಡಿಯ ಮುಂದೆ ನಿಂತು ಕಲಿತಳು, ತಮ್ಮನ ಮಗಳು ಸೌಟು ಹಿಡಿದು ಪ್ರಶ್ನೆ ಕೇಳಿದಳು. 'ಅಪ್ಪಟ ಚಿನ್ನ' ಅನ್ನುವಾಗಲೆಲ್ಲ ಅತ್ತೆಯ ಮುಖ ಕಹಿ ಔಷಧಿ ಕುಡಿದ ಹಾಗಾಗುತ್ತದೆ ಅಂತ ಹುಡುಗಿ ಬಿದ್ದು ಬಿದ್ದು ನಕ್ಕಳು. ತಮ್ಮನೂ ಬಾಗಿಲಲ್ಲಿ ನಿಂತು ನಕ್ಕ.

ಟೀವಿಯಿಂದ ಬಂದವಳು ಇಪ್ಪತ್ತೈದರ ಹುಡುಗಿ, ಒಳ್ಳೆಯವಳೇ. ಬಿಸಿಲಿಗೆ ಬೆವರುತ್ತ ಬ್ರೇಕಕ್ಕನ ಸೆರಗಿಗೆ ಮೈಕು ಸಿಕ್ಕಿಸಿದಳು, ನೀರು ಬೇಕಾ ಅಮ್ಮಾ ಅಂತ ಎರಡು ಸಲ ವಿಚಾರಿಸಿದಳು. ಗೇಟಿನ ಆಚೆ ಮಾರಾಟವಾಗದೆ ಉಳಿದ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಸುಮ್ಮನೆ ನಿಂತರೆ ಚಿತ್ರ ಚೆನ್ನಾಗಿ ಬರುವುದಿಲ್ಲ ಅಂತ ಕ್ಯಾಮೆರಾದವನು ವಾಚ್‌ಮನ್‌ಗೆ ಹೇಳಿ ಒಂದು ನೀಲಿ ಸೈಕಲ್ ತರಿಸಿದ. ಇದರ ಮೇಲೆ ಕೈ ಇಟ್ಟುಕೊಂಡು ನಿಂತುಕೊಳ್ಳಿ ಅಮ್ಮಾ, ಅಷ್ಟೇ ಅಂದಳು ಹುಡುಗಿ. ಫೋರ್‌ಮನ್ ಕೈ ಕಟ್ಟಿ ಮುಂದೆ ನಿಂತಿದ್ದ. ತಮ್ಮ ಸ್ವಲ್ಪ ದೂರದಲ್ಲಿ, ಕಾಂಪೌಂಡಿಗೆ ಒರಗಿಕೊಂಡಿದ್ದ.

ಬ್ರೇಕಕ್ಕನ ಕೈಗೆ ಸೈಕಲ್ ಸಿಕ್ಕರೆ ಅದು ಸುಮ್ಮನಿರುವ ಕೈಯೇ? ಬಾಯಿ ಮೊದಲ ವಾಕ್ಯ ಹೇಳುತ್ತಿದ್ದ ಹಾಗೆ ಬಲಗೈ ಬ್ರೇಕ್ ಒತ್ತತೊಡಗಿತು. ಅವಳಿಗೆ ಅದು ಗೊತ್ತೇ ಇಲ್ಲ. ನಮ್ಮ ಸೈಕಲ್ ಮೂವತ್ತು ವರ್ಷದಿಂದ ಅನ್ನುವಾಗ ಮೂರಾಗಿತ್ತು. ಮನೆಯಲ್ಲಿ ಯಾರ್ಯಾರು ಇಲ್ಲಿ ಕೆಲಸಕ್ಕಿದ್ದಿರಿ ಅಂತ ಹುಡುಗಿ ಮಧ್ಯೆ ಕೇಳಿದಳು, ನಾನು ಮತ್ತೆ ನನ್ನ ತಮ್ಮ ಅನ್ನುವಷ್ಟರಲ್ಲಿ ಏಳು. ಅಪ್ಪಟ ಚಿನ್ನದ ಮಾತು ಮುಗಿಯುವಾಗ ಒಂಬತ್ತು. ನಮಗೆ ಅಂತ ಮೂರನೆಯದಕ್ಕೆ ಬಾಯಿ ತೆರೆದಳು, ಹತ್ತನೆಯ ಸಲಕ್ಕೆ ಬ್ರೇಕಿನ ಹಿಡಿ ಸರ್ರೆಂದು ಹೋಗಿ ಹ್ಯಾಂಡಲಿಗೆ ತಗುಲಿತು.

"ಹಿಂದಿನ ಬ್ರೇಕ್!"

ಮಷಿನ್ ಸದ್ದಿನ ಮೇಲೆ ಕೂಗುವ ದನಿ ಅದು. ಮಷಿನ್ನುಗಳು ನಿಂತು ಹದಿನೈದು ದಿನವಾಗಿತ್ತು. ಇಡೀ ಬೀದಿಗೆ ಕೇಳಿತು, ಮೈಕಿನಿಂದ ಊರಿಗೆಲ್ಲ ಕೇಳಿತು.  ಬ್ರೇಕ್ ಹಿಡಿಯುವುದಿಲ್ಲವಾ ಅಂತ ಹುಡುಗಿ ಕೇಳಿದಳು, ಪಾಪ, ಅವಳ ಕೆಲಸ ಅವಳು ಮಾಡಬೇಕಲ್ಲ. ಹಿಡಿಯುವುದಿಲ್ಲ ಅಂದಳು ಬ್ರೇಕಕ್ಕ, ಅನ್ನುತ್ತ ತಲೆ ಬಗ್ಗಿಸಿ ನೋಡಿದಳು. ಹ್ಯಾಂಡಲಿನ ಕೆಳಗೆ ಹೆಸರುಬೇಳೆ ಗಾತ್ರದ ಒಂದು ಕೆಂಪು ಚೂರು. ನಾಲ್ಕು ಗಂಟು ಹಾಕಿ ಬಿಗಿದಿದ್ದಳಲ್ಲ, ಕತ್ತರಿಗೆ ಸಿಗದೆ ಒಂದು ಗಂಟು ಅಲ್ಲೇ ಕಚ್ಚಿಕೊಂಡಿತ್ತು. ಅವಳು ನೋಡಿದ ಕಡೆಗೆ ಕ್ಯಾಮೆರಾವೂ ನೋಡಿತು. ಏನದು ಅಂತ ಕೇಳಿದ್ದಕ್ಕೆ, ತಪ್ಪಿದ್ದರೆ ನಾನು ದಾರ ಕಟ್ಟುತ್ತೇನೆ ಅಂದಳು. ಹಾಗಾದರೆ ತಪ್ಪಿದ್ದದ್ದು ಮಾರುವ ಸಾಲಿನಲ್ಲಿ ಯಾಕಿದೆ ಅಂತ ಮುಂದಿನ ಪ್ರಶ್ನೆ ಬಂತು. ಅವಳು ಕಣ್ಣೆತ್ತಿದಳು. ತಮ್ಮ ಕಾಂಪೌಂಡು ಬಿಟ್ಟು ನೆಟ್ಟಗೆ ನಿಂತಿದ್ದ, ಕೈ ಅಂಗಿಯ ಜೇಬಿನ ಮೇಲಿತ್ತು.

"ದಾರ ಕತ್ತರಿಸಿದ್ದು ಯಾರಮ್ಮಾ?"

"ಗೊತ್ತಿಲ್ಲ."

ಇಪ್ಪತ್ತಮೂರು ವರ್ಷದಲ್ಲಿ ಆ ಗೇಟಿನ ಹತ್ತಿರ ಅವಳು ಹೇಳಿದ ಮೊದಲ ಸುಳ್ಳು ಅದೇ. ಅದನ್ನು ಮಾತ್ರ ಯಾರೂ ನಂಬಲಿಲ್ಲ.

ಟೀವಿಯವರ ಚಾಳಿ ನಿಮಗೆ ಗೊತ್ತಿರುವುದೇ. ಸಂಜೆಯವರೆಗೂ ಅದನ್ನೇ ತೋರಿಸಿದರು, ಅವಳ ಬಲಗೈಗೆ ಒಂದು ಸುತ್ತು ಗೆರೆ ಎಳೆದು, ಆ ಕೆಂಪು ಚೂರನ್ನು ತೆಂಗಿನಕಾಯಿಯಷ್ಟು ದೊಡ್ಡದು ಮಾಡಿ. ಮೂರನೆಯ ದಿನ ವ್ಯಾಪಾರಿಯ ಕಡೆಯಿಂದ ಫೋರ್‌ಮನ್‌ಗೆ ಫೋನ್ ಬಂತು. ಕೊಳ್ಳಬೇಕೆಂದಿದ್ದ ಹೆಸರೇ ಹೋದ ಮೇಲೆ ಶೆಡ್ಡು ಕಟ್ಟಿಕೊಂಡು ಏನು ಮಾಡಲಿ ಅಂದನಂತೆ. ಅವನು ನಿಜವಾಗಿ ಬರುವವನಿದ್ದನೋ, ನೆಪಕ್ಕೆ ಕಾಯುತ್ತಿದ್ದನೋ, ದೇವರೇ ಬಲ್ಲ. ಜನಕ್ಕೆ ಅದೆಲ್ಲ ಬೇಕಿರಲಿಲ್ಲ. ಅವಳು ನಲ್ಲಿಯ ಹತ್ತಿರ ಬಂದರೆ ಕೊಡಗಳು ಸರಿದವು. ನೂರು ಮನೆಯ ಅನ್ನಕ್ಕೇ ಬ್ರೇಕ್ ಹಾಕಿದಳು ಅಂತ ಒಬ್ಬ ಬಸ್ ಸ್ಟಾಪಿನಲ್ಲಿ ಅವಳಿಗೆ ಕೇಳುವ ಹಾಗೇ ಅಂದ. ಫೋರ್‌ಮನ್ ಮನೆಯವರೆಗೆ ಬಂದು, ಮೂರು ವಾಕ್ಯ, ಬರೀ ಮೂರು ವಾಕ್ಯ ಅಂತ ಬೆರಳು ತೋರಿಸಿ ಹೇಳಿ, ಕೊಟ್ಟ ಟೀ ಮುಟ್ಟದೆ ಎದ್ದುಹೋದ.

ತಮ್ಮ ಏನೂ ಅನ್ನಲಿಲ್ಲ. ಬೈಯಲಿಲ್ಲ, ಪಾತ್ರೆ ಎಸೆಯಲಿಲ್ಲ. ಮಾತು ನಿಲ್ಲಿಸಿದ, ಅಷ್ಟೇ. ಪ್ಯಾಕಿಂಗಿನಲ್ಲಿ ಕತ್ತರಿ ಯಾರ ಕೈಯಲ್ಲಿರುತ್ತಿತ್ತು ಅನ್ನುವುದು ಯಾರಿಗೂ ಗುಟ್ಟಾಗಿರಲಿಲ್ಲ. ಅವನು ಬೀದಿಗೆ ಹೋಗುವುದೂ ನಿಂತಿತು. ತಮ್ಮನ ಹೆಂಡತಿ ಊಟಕ್ಕೆ ಕರೆಯುವುದು ಮಗಳ ಮೂಲಕವಾಯಿತು, ಅತ್ತೆಗೆ ಬರಹೇಳು ಅಂತ, ಅತ್ತೆ ಮೂರು ಅಡಿ ದೂರದಲ್ಲಿ ಕೂತಿರುವಾಗಲೇ.  ಎಲ್ಲರೆದುರು ತನ್ನನ್ನು ಹರಾಜು ಹಾಕಿದಳು ಅಂತ ಅವನಿಗೆ ಸಿಟ್ಟು, ಸಿಟ್ಟು ಇರಬೇಕಾದದ್ದೇ ಅಂದುಕೊಂಡಳು. ಕ್ಷಮಿಸು ಅನ್ನುವುದಕ್ಕೆ ಎಷ್ಟೋ ಸಲ ಅವನ ಹಿಂದೆ ಹೋಗಿ ನಿಂತಳು, ಅವನು ತಿರುಗುವಷ್ಟರಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತಲೋ ಏನೋ ಕೇಳಿ ವಾಪಸ್ ಬಂದಳು.

ಹೀಗಿರುವಾಗ ಒಂದು ಮಧ್ಯಾಹ್ನ ಬೀದಿಯ ಕೊನೆಯ ಮನೆಯ ಹೆಂಗಸು, ನಲ್ಲಿಯ ಹತ್ತಿರ ಕೊಡ ಸರಿಸಿದ್ದವಳೇ, ಮಗನ ಸೈಕಲ್ ತಳ್ಳಿಕೊಂಡು ಬಂದು ಮೆಟ್ಟಿಲ ಹತ್ತಿರ ನಿಲ್ಲಿಸಿದಳು. ಮುಖ ನೋಡಲಿಲ್ಲ. ಹೋದ ವರ್ಷ ಫ್ಯಾಕ್ಟರಿಯಿಂದಲೇ ತಗೊಂಡದ್ದು, ಒಂದು ಸಲ ನೋಡು ಅಂದಳು. ಬ್ರೇಕಕ್ಕ ಎದ್ದು ಸೀಟು ಹಿಡಿದು ಎತ್ತಿದಳು. ಒಂಬತ್ತಕ್ಕೆ ಸಡಿಲವಾಯಿತು. ಒಳಗಿನಿಂದ ಕೆಂಪು ದಾರ ತಂದು ಕಟ್ಟಿ, ಮೂಲೆಯ ಸೈಕಲ್ ಅಂಗಡಿಯವನಲ್ಲಿ ಕೇಬಲ್ ಬದಲಾಯಿಸಿಕೊಳ್ಳುವವರೆಗೆ ಮಗು ಹತ್ತಬಾರದು ಅಂತ ಹೇಳಿದಳು. ಮಾರನೆಯ ದಿನ ಇಬ್ಬರು ಬಂದರು. ಆಮೇಲೆ ದಿನಾ ಬಂದರು. ಫ್ಯಾಕ್ಟರಿಯವರೆಲ್ಲ ಅಲ್ಲಿಂದಲೇ ಮಕ್ಕಳಿಗೆ ಮೊಮ್ಮಕ್ಕಳಿಗೆ ಕೊಂಡವರು, ಅವಳನ್ನು ಬೈದ ಬಾಯಿಗಳೇ ಸೈಕಲ್ ತಂದು ನಿಲ್ಲಿಸಿದವು. ಒಂದು ಸಂಜೆ ಫೋರ್‌ಮನ್ ಕೂಡ ಮೊಮ್ಮಗಳ ಸೈಕಲ್ ಹಿಡಿದು ಬಂದ, ಬಂದವನು ಆಕಾಶ ನೋಡುತ್ತ ಮಳೆ ಬರಬಹುದು ಅಂದ. ಮೋಡದ ಒಂದು ತುಣುಕೂ ಇರಲಿಲ್ಲ. ಅವನ ಸೈಕಲ್ ಎಂಟಕ್ಕೇ ಕೈ ಕೊಟ್ಟಿತು. ಅವಳು ದಾರ ಕಟ್ಟುವುದನ್ನು ನೋಡುತ್ತ ನಿಂತವನು ಕಣ್ಣು ಒರೆಸಿಕೊಂಡು ಹೋದ.

ಆಗ ಅವಳಿಗೆ ನೆನಪಾಯಿತು, ಮನೆಯಲ್ಲೇ ಒಂದಿದೆಯಲ್ಲ ಅಂತ. ತಮ್ಮನ ಮಗಳ ಹುಟ್ಟುಹಬ್ಬಕ್ಕೆ ಅವನು ಆರು ತಿಂಗಳ ಹಿಂದೆ ತಂದ ಹಳದಿ ಸೈಕಲ್. ಊರಿನದೆಲ್ಲ ನೋಡಿ ಮನೆಯದನ್ನು ಬಿಟ್ಟೆನಲ್ಲ ಅಂತ ಗಾಬರಿಯಾಗಿ ಹುಡುಗಿಯನ್ನು ಕರೆದು ತರಹೇಳಿದಳು.

"ನನ್ನದು ಬೇಡ ಅತ್ತೆ. ತಂದ ದಿನವೇ ಅಪ್ಪ ಕೇಬಲ್ ಬಿಚ್ಚಿ ಬೇರೆ ಹಾಕಿದಾರೆ."

ಹುಡುಗಿ ಅಷ್ಟು ಹೇಳಿ ಆಟಕ್ಕೆ ಓಡಿದಳು.  ತಮ್ಮ ಏನೂ ತಿಳಿಯದೆ, ಮ್ಯಾನೇಜರ್ ಹೇಳಿದ ಅಂತ ಕಣ್ಣು ಮುಚ್ಚಿ ಕತ್ತರಿಸಿದ ಅಂತ ಇಷ್ಟು ದಿನ ಬ್ರೇಕಕ್ಕ ತನ್ನ ಮನಸ್ಸಿಗೆ ತಾನೇ ಸಮಜಾಯಿಷಿ ಹೇಳಿಕೊಂಡಿದ್ದಳು. ಅವನಿಗೆ ಎಲ್ಲ ತಿಳಿದಿತ್ತು. ತನ್ನ ಮಗಳನ್ನು ಹತ್ತಿಸುವ ಮುಂಚೆ ಕೇಬಲ್ ಬದಲಾಯಿಸಿದ್ದ, ಉಳಿದ ಮಕ್ಕಳ ಹ್ಯಾಂಡಲಿನ ದಾರ ಜೇಬಿಗೆ ಹಾಕಿಕೊಂಡಿದ್ದ.

ಮುಂದಿನ ವಾರ ಅವನು ಹೊರಟ. ಬೇರೆ ಊರಿನಲ್ಲಿ ಒಂದು ಗೋದಾಮಿನಲ್ಲಿ ಲೋಡ್ ಎಣಿಸುವ ಕೆಲಸ, ಇರುವುದಕ್ಕೆ ಅಲ್ಲೇ ಒಂದು ಮಂಚ, ಹೆಂಡತಿ ಮಗಳು ಸದ್ಯಕ್ಕೆ ಇಲ್ಲೇ. ಬಸ್ಸು ಬೆಳಿಗ್ಗೆ ಹತ್ತಕ್ಕೆ. ಹೆಂಡತಿ ಬಾಗಿಲಲ್ಲೇ ಅತ್ತು ನಿಂತಳು, ಮಗಳು ಶಾಲೆಗೆ ಹೋಗಿದ್ದಳು. ಬ್ರೇಕಕ್ಕ ಯಾರೂ ಕೇಳದಿದ್ದರೂ ಅವನ ಎರಡು ಚೀಲದಲ್ಲಿ ಒಂದನ್ನು ಎತ್ತಿಕೊಂಡು ಹಿಂದೆ ನಡೆದಳು. ದಾರಿಯಲ್ಲಿ ಚೀಲದ ಜಿಪ್ಪು ಎಳೆದು ನೋಡಿದಳು, ಸರಿಯಾಗಿತ್ತು. ನಿಲ್ದಾಣದಲ್ಲಿ ಬಸ್ಸು ನಿಂತಿತ್ತು, ಡ್ರೈವರ್ ಇನ್ನೂ ಟೀ ಕುಡಿಯುತ್ತಿದ್ದ. ಈಗ ಹೇಳದಿದ್ದರೆ ಇನ್ನಿಲ್ಲ ಅನ್ನಿಸಿ ಅವಳು ಬಾಯಿ ಬಿಟ್ಟಳು. ಆ ದಿನ ಟೀವಿಯ ಮುಂದೆ ಬೇಕಂತ ಮಾಡಲಿಲ್ಲ, ಕೈ ತಾನಾಗಿ ಮಾಡಿತು, ನಿನ್ನ ಹೆಸರು ಮಾತ್ರ ನಾನು ಹೇಳಲಿಲ್ಲ ಕಣೋ, ನನ್ನ ಮೇಲೆ ಸಿಟ್ಟು ಇಟ್ಟುಕೊಂಡು ಹೋಗಬೇಡ ಅಂದಳು. 

ಅವನು ಚೀಲ ಕೆಳಗಿಟ್ಟ. ತಿಂಗಳ ಮೇಲೆ ಮೊದಲ ಸಲ ಅವಳ ಮುಖ ನೋಡಿದ.

"ಟೀವಿದು ಬಿಡು ಅಕ್ಕಾ, ಅದಕ್ಕೆ ಸಿಟ್ಟಿಲ್ಲ. ನೀನು ನಾಲ್ಕು ಗಂಟು ಹಾಕೋಕೆ ಶುರುಮಾಡಿದ ದಿನವೇ ನಿನಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯ್ತು. ಇವತ್ತು ಬೈತಾಳೆ, ನಾಳೆ ಬೈತಾಳೆ ಅಂತ ಕಾಯ್ತಿದ್ದೆ. ಬೈದಿದ್ರೆ ಬಿಟ್ಟುಬಿಡ್ತಿದ್ದೆ, ಕೆಲಸ ಹೋದ್ರೆ ಹೋಗ್ಲಿ ಅಂತ. ಬೇಕು ಅಂತಾನೇ ದಾರ ಜೇಬಲ್ಲೇ ಬಿಟ್ಟು ಅಂಗಿ ಒಗೆಯೋಕೆ ಹಾಕ್ತಿದ್ದೆ, ಪ್ರತಿ ವಾರ. ಯಾರ್ಯಾರದೋ ಚಿಲಕ, ಕುರ್ಚಿ, ಎಲ್ಲದಕ್ಕೂ ಕೂಗಿ ಹೇಳ್ತೀಯ. ನಾನು ನಿನ್ನ ಎದುರಿಗೇ ಕೂತು ಊಟ ಮಾಡ್ತಿದ್ದೆ. ನನಗೆ ಒಂದು ಮಾತು ಹೇಳಲಿಲ್ಲವಲ್ಲ ಅಕ್ಕಾ."

 ಅವಳು ಪ್ರತಿ ವಾರ ಜೇಬು ಖಾಲಿ ಮಾಡಿ, ಆ ದಾರಗಳನ್ನೆಲ್ಲ ಒಂದು ಹಳೆಯ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಬಚ್ಚಿಟ್ಟಿದ್ದಳು, ಅವನ ಮಾನ ಕಾಯುತ್ತಿದ್ದೇನೆ ಅಂತ. ಡ್ರೈವರ್ ಲೋಟ ಇಟ್ಟು ಬಂದು ಹಾರ್ನ್ ಮಾಡಿದ. ತಮ್ಮ ಅವಳ ಕೈಯಿಂದ ಚೀಲ ತಗೊಂಡು, ಬರ್ತೀನಿ ಅಂತ ಮೆಲ್ಲಗೆ ಹೇಳಿ ಹತ್ತಿದ. ಅವನು ಕಿಟಕಿಯ ಹತ್ತಿರ ಕೂತದ್ದು ಕಂಡಿತು. ಕೂಗಬೇಕು ಅನ್ನಿಸಿತು, ಏನಂತ ಕೂಗುವುದು ಅಂತ ಯೋಚಿಸುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು.

ಮನೆಗೆ ಬಂದರೆ ಮೆಟ್ಟಿಲ ಹತ್ತಿರ ಗುರುತಿಲ್ಲದ ಒಬ್ಬ ಹೆಂಗಸು ಕಾಯುತ್ತಿದ್ದಳು, ಪಕ್ಕದಲ್ಲಿ ಸಣ್ಣ ಹಸಿರು ಸೈಕಲ್. ಟೀವಿಯಲ್ಲಿ ನೋಡಿ ಎರಡು ಬಸ್ಸು ಬದಲಾಯಿಸಿ ಬಂದಿದ್ದೇನೆ, ಮಗಳಿಗೆ ಐದು ವರ್ಷ ಅಂದಳು. ಬ್ರೇಕಕ್ಕ ಮುಖ ಕೂಡ ತೊಳೆಯದೆ ಸೀಟು ಹಿಡಿದು ಎತ್ತಿದಳು, ಪೆಡಲ್ ತುಳಿದಳು, ಎಣಿಸಿದಳು. ಹತ್ತಕ್ಕೆ ಹಿಡಿ ಸರ್ರೆಂದು ಹೋಯಿತು. ಕೂಗಲು ಬಾಯಿ ತೆರೆದವಳು ಸೈಕಲ್ ಕೆಳಗಿಳಿಸಿದಳು. ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಹೆಂಗಸು ಗಾಬರಿಯಾಗಿ ಏನಾಯ್ತಕ್ಕಾ, ಸರಿಯಿದೆ ತಾನೇ ಅಂತ ಕೇಳಿದಳು.

"ಇಲ್ಲಮ್ಮಾ, ಸರಿಯಿಲ್ಲ. ಹೇಳ್ತೀನಿ ಇರು."

ಸೆರಗಿನಲ್ಲಿ ಮುಖ ಒರೆಸಿಕೊಂಡು, ದಾರ ತೆಗೆದು ಹ್ಯಾಂಡಲಿಗೆ ಸುತ್ತಿ, ಒಂದೇ ಗಂಟು ಹಾಕಿದಳು.